ಸಿ ಡ್ರೈವ್‌ನಲ್ಲಿ ಉಳಿದಿದ್ದು 312 ಎಂಬಿ: ಬೆಲ್ಲದ ಮಂಡಿಯ ಸರ್ವರ್ ರಿಪೇರಿ

ಸಿ ಡ್ರೈವ್ ಒಟ್ಟು 100 ಜಿಬಿ. ಖಾಲಿ ಇದ್ದದ್ದು 312 ಎಂಬಿ. ಪಕ್ಕದ ಡಿ ಡ್ರೈವ್‌ನಲ್ಲಿ 250 ಜಿಬಿಗಿಂತ ಜಾಸ್ತಿ ಜಾಗ ಸುಮ್ನೆ ಬಿದ್ದಿತ್ತು.

ಮಂಡ್ಯದ ಎಪಿಎಂಸಿ ಯಾರ್ಡಿನ ಒಂದು ಬೆಲ್ಲದ ಮಂಡಿಯ ಸರ್ವರ್ ಇದು. ವಿಂಡೋಸ್ ಸರ್ವರ್ 2016, 32 ಜಿಬಿ ರ‍್ಯಾಮ್, 480 ಜಿಬಿಯ ಒಂದೇ ಒಂದು ಎಸ್‌ಎಸ್‌ಡಿ. ಅದರಲ್ಲಿ ಟ್ಯಾಲಿ ಇದೆ, ತೂಕದ ಸಾಫ್ಟ್‌ವೇರ್ ಇದೆ, ಆ ಸಾಫ್ಟ್‌ವೇರಿನ ಡೇಟಾ ಇಡಲು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಇದೆ. ನಾಲ್ಕೈದು ಜನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬಂದು ಕೆಲಸ ಮಾಡುತ್ತಾರೆ. ಮೈಸೂರಿನಿಂದ ನಾನು ಆಗಾಗ ಹೋಗಿ ನೋಡಿಕೊಳ್ಳುವ ಜಾಗಗಳಲ್ಲಿ ಇದೂ ಒಂದು.

ಯಜಮಾನರ ಫೋನು ಬಂದಾಗ ಡಿಸ್ಕ್ ಮಾತೇ ಇರಲಿಲ್ಲ. "ಪ್ರಿಂಟರ್ ಕೆಟ್ಟೋಗದೆ ಕಣಪ್ಪ, ಪಟ್ಟಿ ಬರ್ತಾ ಇಲ್ಲ. ಆಲೆಮನೆಯವ್ರು ಕಾಯ್ಕಂಡು ನಿಂತವ್ರೆ, ವಸಿ ಬೇಗ ಬಾ" ಅಂದರು. ಪಟ್ಟಿ ಅಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿ. ಲಾಟ್, ತೂಕ, ದರ, ಹಮಾಲಿ, ಕೊನೆಗೆ ಕೈಗೆ ಬರುವ ದುಡ್ಡು, ಎಲ್ಲ ಅದರಲ್ಲೇ. ಅದಿಲ್ಲದೆ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಜೊತೆಗೆ ಅಕೌಂಟೆಂಟ್ ಮೇಡಮ್ ಇನ್ನೊಂದು ಮಾತು ಸೇರಿಸಿದರು. ಬೆಳಗ್ಗೆ ಲಾಗಿನ್ ಆದರೆ ಡೆಸ್ಕ್‌ಟಾಪ್ ಪೂರ್ತಿ ಖಾಲಿ ಬಂತಂತೆ, ಟೆಂಪರರಿ ಪ್ರೊಫೈಲ್ ಅಂತ ತೋರಿಸಿತಂತೆ. ಪ್ರಿಂಟರ್ ಮತ್ತು ಪ್ರೊಫೈಲ್ (ಒಬ್ಬೊಬ್ಬರ ಡೆಸ್ಕ್‌ಟಾಪ್, ಫೈಲು, ಸೆಟ್ಟಿಂಗ್ ಇರುವ ಫೋಲ್ಡರ್, ಅದೂ ಸಿಯಲ್ಲೇ) ಎರಡೂ ಒಟ್ಟಿಗೆ ಕೆಟ್ಟವು ಅಂದರೆ ನನಗೆ ಮೊದಲು ಬರುವ ಅನುಮಾನ ಸಿ ಡ್ರೈವ್ ಮೇಲೆಯೇ. ಪ್ರಿಂಟ್ ಕೊಟ್ಟಾಗ ವಿಂಡೋಸ್ ಮೊದಲು ಆ ಕೆಲಸವನ್ನು ಸಿ ಡ್ರೈವ್‌ನಲ್ಲಿ ಫೈಲಾಗಿ ಬರೆದುಕೊಂಡು, ಆಮೇಲೆ ಪ್ರಿಂಟರಿಗೆ ಕಳಿಸುತ್ತದೆ. ಬರೆಯಲು ಜಾಗ ಇಲ್ಲದಿದ್ದರೆ ಪ್ರಿಂಟರ್ ಎಷ್ಟು ಚೆನ್ನಾಗಿದ್ದರೂ ಕಾಗದ ಕದಲುವುದಿಲ್ಲ.

"ನಾನು ಬರೋ ತನಕ ರೀಸ್ಟಾರ್ಟ್ ಮಾತ್ರ ಕೊಡಬೇಡಿ" ಅಂತ ಹೇಳಿ ಹೊರಟೆ. ತುಂಬಿದ ಡ್ರೈವ್‌ನಲ್ಲಿ ಅರ್ಧಕ್ಕೆ ನಿಂತ ಅಪ್‌ಡೇಟ್ ಏನಾದರೂ ಇದ್ದರೆ, ರೀಸ್ಟಾರ್ಟ್ ಆಗುವಾಗ ಅದು ಎದ್ದು ಕೂತು ಇನ್ನಷ್ಟು ತಲೆನೋವು ಕೊಡುತ್ತದೆ.

ಮೊದಲು ಪಟ್ಟಿ ಹೊರಗೆ ಬರಲಿ

ಹೋದ ಕೂಡಲೇ ನೋಡಿದ್ದು ‘ಸಿ:\ವಿಂಡೋಸ್\ಸಿಸ್ಟಂ32\ಸ್ಪೂಲ್\ಪ್ರಿಂಟರ್ಸ್’ ಫೋಲ್ಡರ್. ಪ್ರಿಂಟ್ ಕೆಲಸಗಳು ಕಾಯುವ ಜಾಗ ಅದು. ಪ್ರಿಂಟ್ ಮುಗಿದ ಮೇಲೆ ಅಲ್ಲಿ ಏನೂ ಉಳಿಯಬಾರದು. ಇಲ್ಲಿ ಎಸ್‌ಪಿಎಲ್, ಎಸ್‌ಎಚ್‌ಡಿ ಅನ್ನುವ ಜೋಡಿ ಫೈಲುಗಳು ಸಾವಿರಗಟ್ಟಲೆ ಇದ್ದವು. ಒಟ್ಟು 2 ಜಿಬಿ. ತಾರೀಖು ನೋಡಿದರೆ ಹಿಂದಿನ ಸೀಸನ್ನಿನ ಪಟ್ಟಿಗಳೂ ಅಲ್ಲೇ ಇವೆ.

ಕಾರಣ ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಸಿಕ್ಕಿತು. ‘ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್’ ಅನ್ನುವ ಚಿಕ್ಕ ಚೌಕಕ್ಕೆ ಟಿಕ್ ಬಿದ್ದಿತ್ತು. ಕಾಗದ ಸಿಕ್ಕಿಕೊಂಡಾಗ ಅದೇ ಪಟ್ಟಿಯನ್ನು ಮತ್ತೆ ತೆಗೆಯಲು ಅನುಕೂಲ ಅಂತ ಯಾರೋ ಹಾಕಿದ್ದಾರೆ. ಟಿಕ್ ಇರುವಷ್ಟು ದಿನ ಒಂದು ಪಟ್ಟಿಯೂ ಅಳಿಯುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್‌ಗೆ ಹೋಗುವುದು ಬರೀ ಅಕ್ಷರವಾಗಿದ್ದರೆ ಫೈಲು ಚಿಕ್ಕದಾಗಿ ಇರುತ್ತಿತ್ತು. ಕನ್ನಡ ಅಕ್ಷರ ಬರಲೆಂದು ಇವರು ಪಟ್ಟಿಯನ್ನು ಗ್ರಾಫಿಕ್ಸ್ ಆಗಿ ಕಳಿಸುತ್ತಾರೆ, ಹಾಗಾಗಿ ಒಂದೊಂದೂ ದಪ್ಪ.

ಟಿಕ್ ತೆಗೆದೆ. ಪ್ರಿಂಟ್ ಸ್ಪೂಲರ್ ಸರ್ವಿಸ್ ನಿಲ್ಲಿಸಿ, ಫೋಲ್ಡರಿನ ಒಳಗಿದ್ದದ್ದನ್ನು ಶಿಫ್ಟ್ ಒತ್ತಿ ಡಿಲೀಟ್ ಮಾಡಿ, ಸರ್ವಿಸ್ ಮತ್ತೆ ಶುರು ಮಾಡಿದೆ. ಶಿಫ್ಟ್ ಯಾಕೆ ಅಂದರೆ, ಬರೀ ಡಿಲೀಟ್ ಒತ್ತಿದರೆ ಫೈಲು ಅದೇ ಸಿ ಡ್ರೈವ್‌ನ ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ, ಒಂದು ಎಂಬಿಯೂ ಖಾಲಿ ಆಗುವುದಿಲ್ಲ. ಪ್ರಿಂಟರ್ ಕರಕರ ಅಂತ ಸದ್ದು ಮಾಡಲು ಶುರು ಮಾಡಿತು. ಹೊರಗೆ ನಿಂತಿದ್ದವರು ಒಬ್ಬೊಬ್ಬರಾಗಿ ಪಟ್ಟಿ ತಗೊಂಡು ಹೊರಟರು. ಇನ್ನು ನಿಧಾನವಾಗಿ ನೋಡಬಹುದು.

ಯಜಮಾನರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ಪಕ್ಕದ ಡ್ರೈವು ಖಾಲಿ ಬಿದ್ದದಲ್ಲಪ್ಪ, ಅದ್ರಿಂದ ವಸಿ ಜಾಗ ಈ ಕಡೆ ಎಳ್ಕೊಂಡ್ರೆ ಆಯ್ತಲ್ಲ?" ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ತೋರಿಸಿದೆ. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಂಕಾಗಿದೆ, ಒತ್ತಲು ಬರುವುದಿಲ್ಲ. ಸಿ ದೊಡ್ಡದಾಗಬೇಕಾದರೆ ಅದರ ಬಲಕ್ಕೆ ಅಂಟಿಕೊಂಡೇ ಖಾಲಿ ಜಾಗ ಇರಬೇಕು. ಅಲ್ಲಿ ಡಿ ಕೂತಿದೆ. ಡಿ ಕುಗ್ಗಿಸಿದರೆ ಜಾಗ ಸಿಗುವುದು ಡಿಯ ಆಚೆ ಕೊನೆಯಲ್ಲಿ, ಸಿ ಪಕ್ಕದಲ್ಲಿ ಅಲ್ಲ. ಪಾರ್ಟಿಶನ್ ಸರಿಸುವ ಬೇರೆ ಕಂಪನಿಗಳ ಟೂಲ್‌ಗಳಿವೆ. ಆದರೆ ಅವು ಡಿಯ ಡೇಟಾ ಪೂರ್ತಿ ಜರುಗಿಸಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟು ಹೋದರೆ ಎರಡೂ ಡ್ರೈವ್ ಗೋವಿಂದ. ಅಲ್ಲಿನ ಯುಪಿಎಸ್ ಬ್ಯಾಟರಿ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅಲ್ಲದೆ, ಯಾವುದು ತಿನ್ನುತ್ತಿದೆ ಅಂತ ಗೊತ್ತಾಗದೆ 100 ಜಿಬಿ ಜಾಗ ಸೇರಿಸಿದರೆ ಅದನ್ನೂ ತಿಂದು ಹಾಕುತ್ತದೆ, ಅಲ್ವಾ?

ಯಾರು ತಿನ್ನುತ್ತಿರುವುದು

ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ವಿನ್‌ಡಿರ್‌ಸ್ಟ್ಯಾಟ್ ಅನ್ನು ಪೆನ್‌ಡ್ರೈವ್‌ನಿಂದ ಡಿಗೆ ಹಾಕಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ. ಅಡ್ಮಿನ್ ಆಗಿ ಓಡಿಸದಿದ್ದರೆ ಬೇರೆಯವರ ಪ್ರೊಫೈಲ್, ಎಸ್‌ಕ್ಯೂಎಲ್ ಫೋಲ್ಡರ್ ಇಂಥವಕ್ಕೆ ಒಳಗೆ ಹೋಗಲು ಬಿಡುವುದಿಲ್ಲ. ಆಗ 100 ಜಿಬಿಯಲ್ಲಿ 60ಕ್ಕೆ ಮಾತ್ರ ಲೆಕ್ಕ ಸಿಕ್ಕಿ, ಉಳಿದದ್ದು ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಲೆಕ್ಕ ಹೀಗೆ ಬಂತು. ಸ್ಪೂಲ್ ಖಾಲಿ ಮಾಡಿದ ಮೇಲೆ ವಿಂಡೋಸ್ ಫೋಲ್ಡರ್ 31 ಜಿಬಿ. ಪ್ರೋಗ್ರಾಂ ಫೈಲ್ಸ್ 26. ಯೂಸರ್ಸ್ 21. ಪೇಜ್‌ಫೈಲ್, ಅಂದರೆ ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲು, 16. ರೀಸೈಕಲ್ ಬಿನ್ 4. ಪ್ರೋಗ್ರಾಂ ಫೈಲ್ಸ್‌ಗೆ 26 ಜಿಬಿ ಅಂದರೆ ನಂಬುವ ಮಾತಲ್ಲ. ಟ್ಯಾಲಿ, ತೂಕದ ಸಾಫ್ಟ್‌ವೇರ್, ಒಂದು ಆಂಟಿವೈರಸ್, ಇಷ್ಟೇ ಇರುವುದು. ಒಳಗೆ ಇಳಿದು ನೋಡಿದರೆ ಎಸ್‌ಕ್ಯೂಎಲ್ ಸರ್ವರಿನ ಡೇಟಾ ಫೋಲ್ಡರ್. ಅಲ್ಲಿ ತೂಕದ ಡೇಟಾಬೇಸಿನ ಎಂಡಿಎಫ್ ಫೈಲು 1.4 ಜಿಬಿ, ಅದರ ಎಲ್‌ಡಿಎಫ್ ಫೈಲು 19.6 ಜಿಬಿ.

ಎಂಡಿಎಫ್ ಅಂದರೆ ನಿಜವಾದ ಡೇಟಾ. ಎಲ್‌ಡಿಎಫ್ ಅಂದರೆ ಟ್ರಾನ್ಸಾಕ್ಷನ್ ಲಾಗ್, ಡೇಟಾದಲ್ಲಿ ಆದ ಪ್ರತಿ ಬದಲಾವಣೆಯ ದಾಖಲೆ. ಡೇಟಾಕ್ಕಿಂತ ದಾಖಲೆ ಹದಿನಾಲ್ಕು ಪಟ್ಟು ದೊಡ್ಡದು. ಇಲ್ಲಿರುವ ಎಕ್ಸ್‌ಪ್ರೆಸ್ ಆವೃತ್ತಿಗೆ ಒಂದು ಡೇಟಾಬೇಸ್ 10 ಜಿಬಿ ದಾಟಬಾರದು ಅನ್ನುವ ಮಿತಿ ಇದೆ, ಆದರೆ ಅದು ಡೇಟಾ ಫೈಲಿಗೆ ಮಾತ್ರ. ಲಾಗ್ ಎಷ್ಟು ಬೆಳೆದರೂ ಆ ಮಿತಿ ಅಡ್ಡ ಬರುವುದಿಲ್ಲ.

ಇಂಥ ಕಡೆ ಆ ಎಲ್‌ಡಿಎಫ್ ಫೈಲನ್ನು ಹಾಗೇ ಅಳಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಸರ್ವಿಸ್ ನಿಲ್ಲಿಸಿ ಲಾಗ್ ಅಳಿಸಿದರೆ ಡೇಟಾಬೇಸ್ ಮತ್ತೆ ಮೇಲೇಳದೆ ಇರಬಹುದು. ಅದು ಯಾಕೆ ಖಾಲಿ ಆಗುತ್ತಿಲ್ಲ ಅಂತ ಎಸ್‌ಕ್ಯೂಎಲ್ ಸರ್ವರನ್ನೇ ಕೇಳಬಹುದು. ‘ಸಿಸ್.ಡೇಟಾಬೇಸಸ್’ ಅನ್ನುವ ಪಟ್ಟಿಯಲ್ಲಿ ‘ಲಾಗ್ ರೀಯೂಸ್ ವೇಟ್ ಡೆಸ್ಕ್’ ಅನ್ನುವ ಕಾಲಂ ಇದೆ. ಅಲ್ಲಿ ಬಂದ ಉತ್ತರ ‘ಲಾಗ್ ಬ್ಯಾಕಪ್’. ಅಂದರೆ, ನೀವು ಲಾಗ್ ಬ್ಯಾಕಪ್ ತಗೊಳ್ಳುತ್ತೀರಿ ಅಂತ ಕಾಯುತ್ತಿದ್ದೇನೆ, ಅಲ್ಲಿಯವರೆಗೆ ಹಳೆಯದನ್ನು ಬಿಡುವುದಿಲ್ಲ.

ಡೇಟಾಬೇಸ್ ಫುಲ್ ರಿಕವರಿ ಮಾಡೆಲ್‌ನಲ್ಲಿತ್ತು. ಈ ಮಾಡೆಲ್‌ನಲ್ಲಿ ಲಾಗ್ ಬ್ಯಾಕಪ್ ಬೇರೆಯಾಗಿಯೇ ತೆಗೆಯಬೇಕು, ದಿನಾ ರಾತ್ರಿ ತೆಗೆಯುವ ಪೂರ್ತಿ ಬ್ಯಾಕಪ್ ಲಾಗನ್ನು ಖಾಲಿ ಮಾಡುವುದಿಲ್ಲ. ಸಾಮಾನ್ಯವಾಗಿ ಎಸ್‌ಕ್ಯೂಎಲ್ ಏಜೆಂಟ್ ಅನ್ನುವ ಸರ್ವಿಸ್ ಆ ಕೆಲಸವನ್ನು ಗಂಟೆಗೊಮ್ಮೆ ಮಾಡುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟೇ ಇಲ್ಲ. ಹೇಳುವವರಿಲ್ಲದೆ ಕೇಳುವವರಿಲ್ಲದೆ ಲಾಗ್ ಬೆಳೆದಿದೆ.

ಇಲ್ಲಿ ದಾರಿ ಎರಡು. ಟಾಸ್ಕ್ ಶೆಡ್ಯೂಲರ್‌ನಿಂದ ಗಂಟೆಗೊಮ್ಮೆ ಲಾಗ್ ಬ್ಯಾಕಪ್ ತೆಗೆಸುವುದು ಒಂದು. ಮಾಡೆಲ್ ಅನ್ನು ಸಿಂಪಲ್‌ಗೆ ಬದಲಾಯಿಸುವುದು ಇನ್ನೊಂದು. ಸಿಂಪಲ್‌ನಲ್ಲಿ ಲಾಗ್ ತಾನೇ ಹಳೆಯ ಜಾಗವನ್ನು ಮತ್ತೆ ಬಳಸಿಕೊಳ್ಳುತ್ತದೆ. ಆದರೆ ಡಿಸ್ಕ್ ಸತ್ತರೆ ಹಿಂದಿನ ರಾತ್ರಿಯ ಬ್ಯಾಕಪ್‌ವರೆಗೆ ಮಾತ್ರ ವಾಪಸ್ ಹೋಗಬಹುದು, ಆ ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ. ಇದನ್ನು ಕಂಪ್ಯೂಟರ್ ರಿಪೇರಿಯವನು ತೀರ್ಮಾನ ಮಾಡಬಾರದು. ಯಜಮಾನರನ್ನೇ ಕೇಳಿದೆ: "ಅಣ್ಣ, ಸಂಜೆ ಐದಕ್ಕೆ ಸರ್ವರ್ ಸತ್ತೋದ್ರೆ, ಬೆಳಗ್ಗೆಯಿಂದ ಹಾಕಿರೋ ತೂಕ ಎಲ್ಲ ಮತ್ತೆ ಕೈಯಲ್ಲಿ ಹಾಕೋಕೆ ಆಗುತ್ತಾ?"

"ಪಟ್ಟಿದು ಕಾರ್ಬನ್ ಕಾಪಿ ಇರ್ತದಲ್ಲಪ್ಪ. ಇಬ್ರು ಕೂತ್ಕೊಂಡ್ರೆ ಊಟದೊತ್ತಿಗೆ ಮುಗೀತದೆ."

ಹಾಗಾದರೆ ಸಿಂಪಲ್ ಸಾಕು. ಮೊದಲು ಡಿಗೆ ಒಂದು ಪೂರ್ತಿ ಬ್ಯಾಕಪ್ ತೆಗೆದೆ, ಅದರ ಕಾಪಿ ಹೊರಗಿನ ಹಾರ್ಡ್ ಡಿಸ್ಕ್‌ಗೂ ಹಾಕಿದೆ. ಮಧ್ಯಾಹ್ನ ಊಟಕ್ಕೆ ಎಲ್ಲರೂ ತೂಕದ ಸಾಫ್ಟ್‌ವೇರ್ ಮುಚ್ಚಿದಾಗ ಮಾಡೆಲ್ ಬದಲಾಯಿಸಿ, ಒಂದು ಚೆಕ್‌ಪಾಯಿಂಟ್ (ಬಾಕಿ ಬದಲಾವಣೆಗಳನ್ನು ಡೇಟಾ ಫೈಲಿಗೆ ಬರೆಸುವ ಆದೇಶ) ಕೊಟ್ಟು, ‘ಡಿಬಿಸಿಸಿ ಶ್ರಿಂಕ್‌ಫೈಲ್’ನಿಂದ ಲಾಗ್ ಫೈಲನ್ನು 1 ಜಿಬಿಗೆ ಇಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ 18.6 ಜಿಬಿ ವಾಪಸ್ ಬಂತು. ಫೈಲು ಬೆಳೆಯುವ ರೀತಿ ಶೇಕಡಾ 10 ಅಂತ ಇತ್ತು. ಅದನ್ನು ಒಂದು ಸಲಕ್ಕೆ 256 ಎಂಬಿ ಅಂತ ಮಾಡಿದೆ. ಶೇಕಡಾ ಲೆಕ್ಕದಲ್ಲಿ ಬಿಟ್ಟರೆ, ಫೈಲು 20 ಜಿಬಿ ಆದಾಗ ಒಂದೇ ಏಟಿಗೆ 2 ಜಿಬಿ ಕೇಳುತ್ತದೆ. ಡೇಟಾ ಫೈಲನ್ನು ಶ್ರಿಂಕ್ ಮಾಡಲು ಮಾತ್ರ ಹೋಗಲಿಲ್ಲ. ಅದರಿಂದ ಡೇಟಾ ಬೇಗ ಹುಡುಕಲು ಇರುವ ಇಂಡೆಕ್ಸ್‌ಗಳು ಚೂರುಚೂರಾಗುತ್ತವೆ, ಮೇಲಾಗಿ 1.4 ಜಿಬಿಯಲ್ಲಿ ಉಳಿಸುವುದು ಏನಿದೆ?

ಟೆಂಪ್‌ನಲ್ಲಿ ಕ್ಯಾಬ್‌ಗಳ ಸಾಲು

ವಿಂಡೋಸ್ ಫೋಲ್ಡರಿನ ಒಳಗೆ ‘ಟೆಂಪ್’ 7 ಜಿಬಿಗಿಂತ ಸ್ವಲ್ಪ ಜಾಸ್ತಿ ಇತ್ತು. ತೆರೆದರೆ ‘ಕ್ಯಾಬ್_’ ಅಂತ ಶುರುವಾಗುವ ಫೈಲುಗಳ ಸಾಲು, ಹೆಚ್ಚುಕಮ್ಮಿ ಎಲ್ಲವೂ ಒಂದೇ ಅಳತೆ. ಈ ಕಾಯಿಲೆ ಹಳೆಯದು. ಅಪ್‌ಡೇಟ್ ಹಾಕುವ ಭಾಗ ತನ್ನ ಕೆಲಸವನ್ನು ‘ಸಿ:\ವಿಂಡೋಸ್\ಲಾಗ್ಸ್\ಸಿಬಿಎಸ್’ನಲ್ಲಿ ಬರೆದಿಡುತ್ತದೆ. ಲಾಗ್ ಒಂದು ಮಟ್ಟ ದಾಟಿದರೆ ಅದನ್ನು ಬದಿಗಿಟ್ಟು, ಮೇಕ್‌ಕ್ಯಾಬ್ ಅನ್ನುವ ಪ್ರೋಗ್ರಾಂ ಕೈಯಲ್ಲಿ ಒತ್ತಿ ಚಿಕ್ಕದು ಮಾಡಿಸುತ್ತದೆ. ಮೇಕ್‌ಕ್ಯಾಬ್‌ಗೆ 2 ಜಿಬಿಗಿಂತ ದೊಡ್ಡ ಫೈಲು ಕೊಟ್ಟರೆ ಅರ್ಧಕ್ಕೆ ಕೈ ಬಿಡುತ್ತದೆ. ಅರ್ಧ ಮಾಡಿದ ಫೈಲು ಟೆಂಪ್‌ನಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನ, ಮತ್ತೆ ಸೋಲು, ಇನ್ನೊಂದು ಫೈಲು.

ಟೆಂಪ್ ಮಾತ್ರ ಗುಡಿಸಿ ಬಂದರೆ ಮುಂದಿನ ವಾರ ಅಷ್ಟೇ ಫೈಲು ಮತ್ತೆ ಇರುತ್ತವೆ. ಹಾಗಾಗಿ ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್’ ಸರ್ವಿಸ್ ನಿಲ್ಲಿಸಿ, ಸಿಬಿಎಸ್ ಫೋಲ್ಡರ್‌ನಲ್ಲಿ 2 ಜಿಬಿ ದಾಟಿ ಕೂತಿದ್ದ ಆ ‘ಸಿಬಿಎಸ್‌ಪರ್ಸಿಸ್ಟ್’ ಲಾಗನ್ನು ಡಿಗೆ ಸಾಗಿಸಿ, ಆಮೇಲೆ ಕ್ಯಾಬ್ ಫೈಲುಗಳನ್ನು ಅಳಿಸಿದೆ. ಸರ್ವಿಸ್ ವಾಪಸ್ ಶುರು ಮಾಡಿದರೆ ಹೊಸ ಲಾಗ್ ಸೊನ್ನೆಯಿಂದ ಬರೆಯಲು ತೊಡಗಿತು. ಸಾಯಂಕಾಲದವರೆಗೂ ಟೆಂಪ್‌ನಲ್ಲಿ ಹೊಸ ಕ್ಯಾಬ್ ಕಾಣಲಿಲ್ಲ.

ಇಳಿಸಿಕೊಂಡ ಅಪ್‌ಡೇಟ್‌ಗಳು ಇರುವ ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ನ ಒಳಗಿನ ‘ಡೌನ್‌ಲೋಡ್’ನದು ಸುಲಭದ ಕೆಲಸ. ವಿಂಡೋಸ್ ಅಪ್‌ಡೇಟ್, ಅದಕ್ಕೆ ಫೈಲು ಇಳಿಸಿಕೊಡುವ ಬಿಟ್ಸ್ ಎರಡೂ ಸರ್ವಿಸ್ ನಿಲ್ಲಿಸಿ, ಒಳಗಿದ್ದದ್ದನ್ನು ಅಳಿಸಿ, ಮತ್ತೆ ಶುರು ಮಾಡುವುದು. 3 ಜಿಬಿ ಸಿಕ್ಕಿತು. ಶಾಡೋ ಕಾಪಿ (ಡ್ರೈವ್‌ನ ಹಳೆಯ ಸ್ಥಿತಿಯನ್ನು ವಿಂಡೋಸ್ ಉಳಿಸಿಟ್ಟ ಪ್ರತಿ) ಏನಾದರೂ ಇದೆಯಾ ಅಂತ ‘ವಿಎಸ್‌ಎಸ್‌ಅಡ್ಮಿನ್’ನಲ್ಲಿ ನೋಡಿದೆ, ಇರಲಿಲ್ಲ.

ಎಲ್ಲರೂ ಮೊದಲು ಕೈ ಹಾಕುವ ಫೋಲ್ಡರ್

ವಿನ್‌ಎಸ್‌ಎಕ್ಸ್‌ಎಸ್. ವಿಂಡೋಸ್ ತನ್ನ ಭಾಗಗಳನ್ನೂ ಹಳೆಯ ಅಪ್‌ಡೇಟ್‌ಗಳನ್ನೂ ಇಟ್ಟುಕೊಳ್ಳುವ ಜಾಗ. ವಿಂಡೋಸ್ ಫೋಲ್ಡರಿನಲ್ಲಿ ಅತಿ ದೊಡ್ಡದಾಗಿ ಕಾಣುವುದು ಇದೇ, ಅದಕ್ಕೇ ಎಲ್ಲರ ಕಣ್ಣೂ ಇದರ ಮೇಲೆ. ನಾನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ. ಇದನ್ನು ಚೊಕ್ಕ ಮಾಡುವ ಕೆಲಸಕ್ಕೇ ಸ್ವಲ್ಪ ಖಾಲಿ ಜಾಗ ಬೇಕು, 312 ಎಂಬಿಯಲ್ಲಿ ಅದು ಆಗುವ ಮಾತಲ್ಲ.

ಇದರ ಅಳತೆಯೂ ನಂಬುವಂಥದ್ದಲ್ಲ. ಇಲ್ಲಿರುವ ಎಷ್ಟೋ ಫೈಲುಗಳು ಸಿಸ್ಟಂ32ರಲ್ಲೂ ಕಾಣುತ್ತವೆ. ಡಿಸ್ಕ್ ಮೇಲೆ ಇರುವುದು ಒಂದೇ ಪ್ರತಿ, ಹಾರ್ಡ್ ಲಿಂಕ್‌ನಿಂದ ಎರಡು ಹೆಸರು ಅಷ್ಟೇ. ಒಂದೇ ಲಾಟನ್ನು ಎರಡು ಪುಸ್ತಕದಲ್ಲಿ ಬರೆದು, ಎರಡನ್ನೂ ಕೂಡಿ ಇಷ್ಟು ಬೆಲ್ಲ ಬಂತು ಅಂದ ಹಾಗೆ. ನಿಜವಾದ ಲೆಕ್ಕ ಬೇಕಾದರೆ ಡಿಸ್ಮ್ ಅನ್ನುವ ವಿಂಡೋಸ್‌ನದೇ ಕಮಾಂಡ್ ಅನ್ನು ಕೇಳಬೇಕು: ‘ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ಅನಲೈಸ್‌ಕಾಂಪೊನೆಂಟ್‌ಸ್ಟೋರ್’. ಎಕ್ಸ್‌ಪ್ಲೋರರ್ ಪ್ರಕಾರ 11.2 ಜಿಬಿ, ನಿಜವಾಗಿ 10.4, ಅದರಲ್ಲಿ 6.1 ವಿಂಡೋಸ್ ಜೊತೆ ಹಂಚಿಕೊಂಡದ್ದು. ಹಳೆಯ ಅಪ್‌ಡೇಟ್‌ಗಳ ಬ್ಯಾಕಪ್ 4ರ ಹತ್ತಿರ. ಕೈ ಹಾಕಬಹುದಾದದ್ದು ಈ ಕೊನೆಯದಕ್ಕೆ ಮಾತ್ರ, ಅದೂ ಡಿಸ್ಮ್ ಮೂಲಕವೇ. ಎಕ್ಸ್‌ಪ್ಲೋರರ್‌ನಲ್ಲಿ ಹೋಗಿ ಅಳಿಸಿದರೆ ಮುಂದಿನ ಅಪ್‌ಡೇಟ್ ಹತ್ತುವುದಿಲ್ಲ, ಕೆಲವು ಸಲ ವಿಂಡೋಸೇ ಏಳುವುದಿಲ್ಲ.

ಅದೇ ಸಾಲಿನ ಕೊನೆಗೆ ‘/ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್’ ಹಾಕಿ ಓಡಿಸಿದೆ. ಸರ್ವರ್ 2016ರಲ್ಲಿ ಇದು ಆಮೆ. ಶೇಕಡಾ 20ರ ಹತ್ತಿರ ನಿಂತರೆ ಸತ್ತೇ ಹೋಯಿತೇನೋ ಅನ್ನಿಸುತ್ತದೆ. ಕಿಟಕಿ ಮುಚ್ಚಬೇಡಿ, ಕಾಯಿರಿ. ನಾನು ಆ ಹೊತ್ತಿನಲ್ಲಿ ಯೂಸರ್ಸ್ ಫೋಲ್ಡರ್ ನೋಡಿಕೊಂಡೆ. ಕೊನೆಗೆ 3 ಜಿಬಿ ಬಂತು.

‘/ರೀಸೆಟ್‌ಬೇಸ್’ ಅಂತ ಸೇರಿಸಿದ್ದರೆ ಇನ್ನೂ ಸ್ವಲ್ಪ ಸಿಗುತ್ತಿತ್ತು. ಸೇರಿಸಲಿಲ್ಲ. ಅದಾದ ಮೇಲೆ ಈಗಾಗಲೇ ಹಾಕಿರುವ ಯಾವ ಅಪ್‌ಡೇಟನ್ನೂ ಹಿಂದಕ್ಕೆ ತೆಗೆಯಲು ಬರುವುದಿಲ್ಲ. 2021ರ ಮಾರ್ಚ್‌ನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್ ಹಾಕಿದ ಮೇಲೆ ಕೆಲವು ಪ್ರಿಂಟರ್‌ಗಳಿಗೆ ಪ್ರಿಂಟ್ ಕೊಟ್ಟರೆ ನೀಲಿ ಪರದೆ ಬರುತ್ತಿತ್ತು, ನೆನಪಿದೆಯಾ? ಎಷ್ಟೋ ಕಡೆ ಆ ಅಪ್‌ಡೇಟ್ ತೆಗೆದ ಮೇಲೆಯೇ ಕೆಲಸ ನಡೆದದ್ದು. ಪ್ರಿಂಟರ್ ನಿಂತರೆ ವ್ಯಾಪಾರವೇ ನಿಲ್ಲುವ ಜಾಗದಲ್ಲಿ ಒಂದು ಜಿಬಿ ಆಸೆಗೆ ಆ ಬಾಗಿಲು ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ.

‘ಸಿ:\ವಿಂಡೋಸ್\ಇನ್‌ಸ್ಟಾಲರ್’ 4 ಜಿಬಿ ಇತ್ತು. ಅದರ ತಂಟೆಗೂ ಹೋಗಲಿಲ್ಲ. ಸಾಫ್ಟ್‌ವೇರ್ ತೆಗೆಯಲು, ಹೊಸ ಆವೃತ್ತಿ ಹಾಕಲು ಅಲ್ಲಿನ ಫೈಲುಗಳೇ ಬೇಕು.

ಜನ, ಮತ್ತು ಅವರ ಫೈಲುಗಳು

ರೀಸೈಕಲ್ ಬಿನ್‌ನ 4 ಜಿಬಿ ಖಾಲಿ ಮಾಡುವ ಮೊದಲು ಎಲ್ಲರನ್ನೂ ಕೇಳಿದೆ. ಕೇಳಿದ್ದು ಒಳ್ಳೆಯದಾಯಿತು. ತೂಕದ ಕೌಂಟರಿನ ಹುಡುಗ, "ಸಾರ್, ಅದ್ರಲ್ಲಿ ನಂದು ಹಳೇ ಬಿಲ್ಲುಗಳವೆ, ಬೇಕಾದಾಗ ತಗೊತೀನಿ" ಅಂದ. ಡೆಸ್ಕ್‌ಟಾಪ್ ಮೇಲೆ ಇದ್ದರೆ ಯಜಮಾನರು ಬೈಯುತ್ತಾರೆ ಅಂತ ಬಿನ್‌ನಲ್ಲಿ ಜೋಡಿಸಿಟ್ಟಿದ್ದಾನೆ. ಅವನಿಗೆ ಡಿಯಲ್ಲಿ ಒಂದು ಫೋಲ್ಡರ್ ಮಾಡಿಕೊಟ್ಟು, ಬೇಕಾದದ್ದನ್ನು ಅಲ್ಲಿಗೆ ಎತ್ತಿಸಿ, ಆಮೇಲೆ ಖಾಲಿ ಮಾಡಿದೆ. ಪ್ರತಿ ಯೂಸರಿಗೂ ಬೇರೆ ಬೇರೆ ಬಿನ್ ಇರುತ್ತದೆ, ನಿಮ್ಮದನ್ನು ಖಾಲಿ ಮಾಡಿದರೆ ಅವರದ್ದು ಹೋಗುವುದಿಲ್ಲ.

ಕೆಲಸ ಬಿಟ್ಟು ಹೋದ ಇಬ್ಬರ ಪ್ರೊಫೈಲ್ ಹಾಗೇ ಇದ್ದವು. ಅವುಗಳನ್ನು ಯೂಸರ್ಸ್ ಫೋಲ್ಡರಿನಿಂದ ನೇರ ಅಳಿಸಬಾರದು. ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ‘ಯೂಸರ್ ಪ್ರೊಫೈಲ್ಸ್’ ತೆರೆದು ಅಲ್ಲಿಂದ ಡಿಲೀಟ್ ಕೊಡಬೇಕು. ಇಲ್ಲದಿದ್ದರೆ ರಿಜಿಸ್ಟ್ರಿಯಲ್ಲಿ ಹೆಸರು ಉಳಿದು, ಮುಂದೆ ಅದೇ ಯೂಸರ್ ಬಂದಾಗ ಟೆಂಪರರಿ ಪ್ರೊಫೈಲ್ ಕಥೆ ಮತ್ತೆ ಶುರು. ಮೇಡಮ್ ಒಂದೊಂದನ್ನೂ ತೆರೆದು ನೋಡಿ, ಜಿಎಸ್‌ಟಿ ಕಾಗದಗಳನ್ನು ಬೇರೆ ತೆಗೆದಿಟ್ಟರು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆ ದಿನದಿಂದ 72 ತಿಂಗಳು ಇಟ್ಟಿರಬೇಕು ಅನ್ನುವ ಕಾನೂನಿದೆ, ಹಾಗಾಗಿ ಹಳೆಯದು ಅಂತ ಕಣ್ಣು ಮುಚ್ಚಿ ಎಸೆಯುವ ಹಾಗಿಲ್ಲ. ಉಳಿದದ್ದು ವಾಟ್ಸ್ಆ್ಯಪ್ ವೆಬ್‌ನಿಂದ ಇಳಿಸಿಕೊಂಡ ವಿಡಿಯೋಗಳು, ಕ್ರೋಮ್ ಕ್ಯಾಶ್. ಇರುವವರ ಡೌನ್‌ಲೋಡ್ಸ್ ಫೋಲ್ಡರನ್ನು ಪ್ರಾಪರ್ಟೀಸ್‌ನ ‘ಲೊಕೇಶನ್’ ಟ್ಯಾಬಿನಿಂದ ಡಿಗೆ ಬದಲಾಯಿಸಿದೆ. ಅವರು ಮಾಡುವುದು ಮಾಡುತ್ತಲೇ ಇರಲಿ, ಸಿ ತುಂಬುವುದಿಲ್ಲ. ಇಷ್ಟಕ್ಕೆ 9 ಜಿಬಿ ಬಂತು.

ಸಂಜೆ ಮಂಡಿ ಮುಚ್ಚಿದ ಮೇಲೆ ಪೇಜ್‌ಫೈಲ್. ವಿಂಡೋಸ್ ತಾನೇ ಅಳತೆ ನೋಡಿಕೊಳ್ಳುವ ಹಾಗೆ ಬಿಟ್ಟದ್ದರಿಂದ 16 ಜಿಬಿ ಹಿಡಿದಿತ್ತು. ಪೂರ್ತಿ ತೆಗೆದರೆ ಸರ್ವರ್ ಕುಸಿದಾಗ ಕಾರಣ ಹುಡುಕಲು ಬೇಕಾದ ಡಂಪ್ ಫೈಲು ಬರೆಯಲು ಆಗುವುದಿಲ್ಲ. ಸಿಯಲ್ಲಿ 4 ಜಿಬಿ ಉಳಿಸಿ, ಉಳಿದದ್ದನ್ನು ಡಿಗೆ ಕೊಟ್ಟು, ರೀಸ್ಟಾರ್ಟ್ ಮಾಡಿದೆ. ಸ್ಪೂಲ್ ಫೋಲ್ಡರಿನ ದಾರಿಯನ್ನೂ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಿಂದ ಡಿಗೆ ತಿರುಗಿಸಿದೆ. ಮೇಲೆದ್ದಾಗ ಸಿಯಲ್ಲಿ 59 ಜಿಬಿ ಖಾಲಿ. ಮೇಡಮ್ ಲಾಗಿನ್ ಆದರು, ಅವರ ಹಳೆಯ ಡೆಸ್ಕ್‌ಟಾಪ್ ಹಾಗೇ ಬಂತು.

ಕೊನೆಗೆ ಒಂದು ಪುಟ್ಟ ಪವರ್‌ಶೆಲ್ ಸ್ಕ್ರಿಪ್ಟ್ ಹಾಕಿದ್ದೇನೆ. ದಿನಾ ಬೆಳಗ್ಗೆ ಟಾಸ್ಕ್ ಶೆಡ್ಯೂಲರ್ ಅದನ್ನು ಓಡಿಸುತ್ತದೆ. ಸಿಯಲ್ಲಿ 20 ಜಿಬಿಗಿಂತ ಕಮ್ಮಿ ಇದ್ದರೆ, ಇಲ್ಲಾ ಎಲ್‌ಡಿಎಫ್ 3 ಜಿಬಿ ದಾಟಿದರೆ ನನಗೆ ಮೇಲ್ ಬರುತ್ತದೆ. ಸ್ಪೂಲ್ ಫೋಲ್ಡರಿನಲ್ಲಿ ಒಂದು ದಿನಕ್ಕಿಂತ ಹಳೆಯ ಫೈಲು ಇದ್ದರೂ ಬರುತ್ತದೆ, ಆ ಟಿಕ್ ಮತ್ತೆ ಯಾರಾದರೂ ಹಾಕೇ ಹಾಕುತ್ತಾರೆ.

ಡೇಟಾಬೇಸ್ ಫೈಲುಗಳನ್ನೇ ಡಿಗೆ ಸಾಗಿಸುವುದು ಬಾಕಿ ಇದೆ. ತೂಕದ ಸಾಫ್ಟ್‌ವೇರ್ ಮಾಡಿಕೊಟ್ಟವರು ಅದಕ್ಕೆ ಪಾಸ್‌ವರ್ಡ್ ಕೊಡಬೇಕು, ಮಂಡಿಗೆ ರಜಾ ಇರುವ ದಿನವೂ ಬೇಕು. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದ ಮೇಲೆ ಆ ಕೆಲಸ ಇಟ್ಟುಕೊಳ್ಳೋಣ ಅಂತ ಯಜಮಾನರಿಗೆ ಹೇಳಿ ಬಂದಿದ್ದೇನೆ.